ಎಡಗಣ್ಣಿಗೆ ಕೆಂಪು ಕಾಣದಾದಾಗ

ಮೆಣಸಿನಕಾಯಿ ವ್ಯಾಪಾರ ನನಗೆ ಅಪ್ಪನಿಂದ ಬಂತು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನಮ್ಮದೊಂದು ಅಂಗಡಿಯಿದೆ. ಅಪ್ಪ ಧಾರವಾಡದ ಕಡೆಯಿಂದ ಬಂದು, ಬ್ಯಾಡಗಿಯ ಕಾಯಿ ತರಿಸಿ, ಇಲ್ಲಿಯ ಮಸಾಲೆ ಕಾರ್ಖಾನೆಯವರಿಗೆ, ಖಾನಾವಳಿಯವರಿಗೆ ಮಾರುತ್ತ ಬದುಕು ಕಟ್ಟಿದವರು. ಅವರು ತೀರಿಕೊಂಡ ಮೇಲೆ ಗಾದಿಯ ಮೇಲೆ ಯಾರು ಕೂಡಬೇಕು ಎಂಬ ಮಾತು ಬಂದಾಗ ಎಲ್ಲರೂ ಕಾಕಾನ ಮುಖ ನೋಡಿದರು. ಕಾಕಾ ಅಪ್ಪನ ತಮ್ಮ, ಅಂಗಡಿಯಲ್ಲಿ ಪಾಲುದಾರರು. ನಾನು ಯಾರ ಮುಖವನ್ನೂ ನೋಡಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಗಾದಿಯ ಮೇಲೆ ಕೂತೆ. ಲಗ್ನವಾಗದ ಹೆಣ್ಣುಮಗಳು ಹಮಾಲರ ನಡುವೆ ಕೂತು ದರ ಕೂಗುವುದೇನು ಎಂದು ಓಣಿಯಲ್ಲಿ ಒಂದಷ್ಟು ದಿನ ಮಾತಾಯಿತು. ಆಮೇಲೆ ಆ ಮಾತು ಸವೆದುಹೋಯಿತು. ನಾನು ಅಲ್ಲೇ ಇದ್ದೆ.

ಕಾಯಿಯ ಬಣ್ಣ ನೋಡುವುದು ನನ್ನ ಮುಖ್ಯ ಕೆಲಸ. ಬ್ಯಾಡಗಿ ಕಾಯಿಯನ್ನು ಕೊಳ್ಳುವವರು ಅದರ ಬಣ್ಣಕ್ಕಾಗಿಯೇ ಕೊಳ್ಳುತ್ತಾರೆ. ಖಾರ ಬೇಕಾದವರಿಗೆ ಬೇರೆ ಕಾಯಿ ಇದ್ದೇ ಇದೆ. ಈ ಸುಗ್ಗಿಯದ್ದು ಯಾವುದು, ಕೋಲ್ಡ್ ಸ್ಟೋರೇಜಿನಲ್ಲಿ ವರ್ಷ ಕಳೆದದ್ದು ಯಾವುದು, ಒಣಗಲು ಹಾಕಿದಾಗ ಮಳೆಗೆ ಸಿಕ್ಕದ್ದು ಯಾವುದು ಎಂಬುದನ್ನು ಕಾಯಿಯನ್ನು ಬೆಳಕಿಗೆ ಹಿಡಿದು ಹೇಳಬೇಕು. ಹಾಗೆ ಹಿಡಿದಾಗ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡುವುದು ನನಗಂಟಿದ ಚಾಳಿ. ಅಪ್ಪನೂ ಹಾಗೇ ನೋಡುತ್ತಿದ್ದರು.

ನನಗಾಗ ನಲವತ್ತು ದಾಟಿತ್ತು. ಕೆಲವು ದಿನಗಳಿಂದ ಎಡಗಣ್ಣು ಹೊರಳಿಸಿದರೆ ಒಳಗೆಲ್ಲೋ ಹಿಡಿದು ಜಗ್ಗಿದ ಹಾಗೆ ನೋಯುತ್ತಿತ್ತು. ಇಡೀ ದಿನ ಮೆಣಸಿನಕಾಯಿ ಘಾಟಿನಲ್ಲಿ ಕೂಡುವವಳಿಗೆ ಕಣ್ಣುರಿ ಹೊಸದಲ್ಲ ಎಂದು ಸುಮ್ಮನಿದ್ದೆ. ಒಂದು ಬೆಳಿಗ್ಗೆ ಹಮಾಲ ಹೊಸ ಚೀಲ ಬಿಚ್ಚಿದ. ಯಾದಗಿರಿ ಕಡೆಯವನು, ಅಪ್ಪನ ಕಾಲದಿಂದ ನಮ್ಮಲ್ಲಿದ್ದವನು. ನಾನು ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿದೆ.

“ಇದು ಹಳೇ ಮಾಲು. ಕಟ್ಟಿ ಆಕಡೆ ಇಡು,” ಅಂದೆ.

“ಅಕ್ಕಾರ, ನಿನ್ನಿ ಲಾರಿದಾಗ ಬಂದದ್ದರಿ ಇದು. ನೀವ ನೋಡಿ ಇಳಿಸ್ಕೊಂಡೀರಿ.”

“ಇಟ್ಟಂಗಿ ಬಣ್ಣ ಆಗೇದ. ನಿನಗ ಕಾಣಂಗಿಲ್ಲೇನು?”

ಅವನು ಚೀಲವನ್ನೂ ನನ್ನನ್ನೂ ನೋಡಿದ. “ಇಲ್ರಿ, ಛಲೋ ಕೆಂಪದರಿ,” ಅಂದ ಮೆಲ್ಲಗೆ.

ಸಿಟ್ಟಿನಿಂದ ಇನ್ನೊಮ್ಮೆ ನೋಡಲು ಎರಡೂ ಕಣ್ಣು ಬಿಟ್ಟೆ. ಕಾಯಿ ಕೆಂಪಗಿತ್ತು. ಬಲಗಣ್ಣು ಮುಚ್ಚಿದೆ. ಒಣಗಿದ ಮಣ್ಣಿನ ಬಣ್ಣ. ಎಡಗಣ್ಣು ಮುಚ್ಚಿದೆ. ಮತ್ತೆ ಕೆಂಪು. ಕೈಯಲ್ಲಿದ್ದದ್ದು ಅದೇ ಕಾಯಿ.

ಕನ್ನಡಕದ ಅಂಗಡಿಯವನು ನಂಬರ್ ಬದಲಾಗಿದೆ ಅಂದ. ಕಾಕಾ, “ಟೆನ್ಶನ್ ಭಾಳ ತಗೋತಿ ನೀ. ಒಂದಿಷ್ಟು ದಿನ ಮನಿಯಾಗ ಇರು,” ಅಂದರು. ಹೊಸ ಕನ್ನಡಕ ಬರುವುದರೊಳಗೆ ಎಡಗಣ್ಣಿನ ಮುಂದೆ ಮಂಜು ಕವಿದು, ನನ್ನ ಕೈಯ ಬೆರಳುಗಳೇ ಎಣಿಸಲು ಬಾರದಂತಾದವು. ಕಣ್ಣಿನ ಡಾಕ್ಟರರಲ್ಲಿಗೆ ಓಡಿದೆ. ಅವರು ದೀಪ ಹಿಡಿದು ಒಳಗೆ ನೋಡಿ, ಕಣ್ಣು ಸರಿಯಾಗಿಯೇ ಇದೆ, ಕಣ್ಣಿನಿಂದ ಮೆದುಳಿಗೆ ಹೋಗುವ ನರಕ್ಕೆ ಉರಿಯೂತವಾಗಿ ಬಾತಿದೆ ಎಂದು ಹೇಳಿ, ಮೆದುಳಿನ ಎಂ.ಆರ್.ಐ. ಮಾಡಿಸಿ ನರರೋಗದ ಡಾಕ್ಟರರಿಗೆ ತೋರಿಸಲು ಚೀಟಿ ಕೊಟ್ಟರು.

ಆ ನರರೋಗದ ಡಾಕ್ಟರರ ಮುಂದೆ ನಾನೂ ಕಾಕಾನೂ ಕೂತೆವು. ಅವರು ಫಿಲ್ಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, ಬೆನ್ನು ನಮ್ಮ ಕಡೆ ಮಾಡಿ ಒಂದಷ್ಟು ಹೊತ್ತು ನೋಡಿದರು. ಆಮೇಲೆ ತಿರುಗಿ ಕಾಕಾನಿಗೆ ಮರಾಠಿಯಲ್ಲಿ ಹೇಳತೊಡಗಿದರು. ಇವರಿಗೆ ಎಂ.ಎಸ್. ಅನ್ನುವ ಕಾಯಿಲೆ ಇರುವ ಹಾಗಿದೆ, ಮೆದುಳಿನಲ್ಲಿ ಒಂದೆರಡು ಬಿಳಿ ಚುಕ್ಕೆ ಕಾಣುತ್ತಿವೆ, ಜೀವನಪೂರ್ತಿ ಇಂಜೆಕ್ಷನ್ ಬೇಕಾಗುತ್ತದೆ, ಧೂಳು ಸೆಕೆಯ ಕೆಲಸ ಬಿಡಿಸಿ, ಮನೆಯಲ್ಲಿ ಇವರನ್ನು ನೋಡಿಕೊಳ್ಳುವವರು ಯಾರಿದ್ದಾರೆ?

“ಡಾಕ್ಟರ್,” ಅಂದೆ ನಾನೂ ಮರಾಠಿಯಲ್ಲಿ. “ನನ್ನ ಕಣ್ಣು ಹೋಗಿದೆ. ಕಿವಿ ಇವೆ. ನನಗೆ ಹೇಳಿ.”

ಕಾಕಾ ನನ್ನ ಮೊಣಕೈ ಹಿಡಿದರು. ಡಾಕ್ಟರು ಅದನ್ನೇ ಮೊದಲಿಂದ ನನಗೆ ಹೇಳಿದರು. ಮೆದುಳು, ನರಗಳ ಮೇಲಿನ ಹೊದಿಕೆಯನ್ನು ದೇಹವೇ ಕೆಡಿಸಿಕೊಳ್ಳುವ ಕಾಯಿಲೆಯಂತೆ. ನಾಳೆಯೇ ಭರ್ತಿಯಾಗಿ ಸ್ಟೆರಾಯ್ಡ್ ಡ್ರಿಪ್ ಹಾಕಿಸಿಕೊಳ್ಳಬೇಕಂತೆ, ಅದಾದ ಮೇಲೆ ಆ ಇಂಜೆಕ್ಷನ್‌ಗಳು.

“ಇದು ಅದೇ ಕಾಯಿಲೆ ಅಂತ ಗ್ಯಾರಂಟಿ ಏನು?”

“ನಿಮ್ಮ ವಯಸ್ಸಿನ ಹೆಂಗಸರಲ್ಲಿ ಹೆಚ್ಚಾಗಿ ಇದೇ ಇರುತ್ತದೆ.”

“ಹೆಚ್ಚಾಗಿ ಅಂದರೆ ನನ್ನದೂ ಅದೇ ಅಂತಾಯ್ತೆ? ಈ ಫೋಟೋದಲ್ಲಿ ನನ್ನ ಕಣ್ಣಿನ ನರ ಎಲ್ಲಿದೆ, ತೋರಿಸಿ.”

ಅವರು ಫಿಲ್ಮಿನ ಮೂಲೆಯಲ್ಲಿ ಬೆರಳಿಟ್ಟರು. ಅಲ್ಲಿ ಬೆಳ್ಳಗೆ ಏನೋ ಇತ್ತು, ಅದರ ನಡುವೆ ಇದ್ದೂ ಇಲ್ಲದ ಹಾಗೆ ಒಂದು ಗೆರೆ. ಇದು ಮೆದುಳಿಗಾಗಿ ತೆಗೆದದ್ದು, ನರ ಇದರಲ್ಲಿ ಅಷ್ಟು ಸ್ಪಷ್ಟ ಬರುವುದಿಲ್ಲ ಅಂದರು. ಹೊರಗೆ ಜನ ಕಾಯುತ್ತಿದ್ದರು, ಅವರಿಗೆ ಹೊತ್ತಾಗಿತ್ತು. ನನಗೂ ಆಗಿತ್ತು. ಎದ್ದು ಬಂದೆ.

ಆಟೋದಲ್ಲಿ ಕಾಕಾ ಸುಮ್ಮನಿರಲಿಲ್ಲ. “ಡಾಕ್ಟರ್ ಮುಂದ ಹಂಗ ಮಾತಾಡ್ತಾರೇನು? ದೊಡ್ಡ ಡಾಕ್ಟರ್ ಅವರು.”

“ಕಾಕಾ, ನೀವು ಬ್ಯಾಡಗಿಗೆ ಹೋದಾಗ ಚೀಲದ ಬಾಯಿ ಅಷ್ಟ ನೋಡಿ ಮಾಲು ತರ್ತೀರೇನು? ನಡುವಿಂದು ತಗದು ನೋಡಂಗಿಲ್ಲೇನು?”

“ಅದು ಮೆಣಸಿನಕಾಯಿ.”

“ಇದು ನನ್ನ ಕಣ್ಣು. ಹೆಚ್ಚಿಂದಲ್ಲೇನು ಅದಕ್ಕಿಂತ?”

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಅಳುತ್ತಾಳೆ ಎಂದು ಅಂಜಿದ್ದೆ. ಅವಳು ಅಳಲಿಲ್ಲ. ನನ್ನ ಎಡಗಣ್ಣಿನ ಮುಂದೆ ಕೈಯಾಡಿಸಿ ನೋಡಿದಳು, “ಇನ್ನೊಬ್ಬರಿಗೆ ಕೇಳು. ಇವತ್ತ ಕೇಳು,” ಅಂದಳು. ಮೊದಲು ನೋಡಿದ ಕಣ್ಣಿನ ಡಾಕ್ಟರರಿಗೆ ಫೋನ್ ಮಾಡಿ, ಕಣ್ಣಿನ ನರವನ್ನೇ ನೋಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಯೆರವಡಾ ಕಡೆ ಒಬ್ಬ ಡಾಕ್ಟರಮ್ಮ ಇದ್ದಾರೆ, ಅದೇ ಅವರ ಓದು, ಮಧ್ಯಾಹ್ನ ಕೂಡುತ್ತಾರೆ ಅಂದರು. ಊಟ ಬಿಟ್ಟು ಹೊರಟೆ. ಕಾಕಾ ಬರಲಿಲ್ಲ, ಅವ್ವ ಬಂದಳು.

ಆ ಡಾಕ್ಟರಮ್ಮ ನನ್ನ ಮರಾಠಿ ಕೇಳಿ, “ಯಾವ ಊರಿನವ್ರರಿ ನೀವು?” ಅಂದರು. ಅವರು ಬೆಳಗಾವಿಯವರಂತೆ. ಅಲ್ಲಿಂದ ಮುಂದಿನ ಮಾತೆಲ್ಲ ನಮ್ಮ ಭಾಷೆಯಲ್ಲೇ ನಡೆಯಿತು, ಅವ್ವನಿಗೂ ತಿಳಿಯಿತು. ಮೇಜಿನ ಮೇಲಿದ್ದ ಔಷಧಿ ಬಾಟಲಿಯ ಕೆಂಪು ಮುಚ್ಚಳ ತೆಗೆದು ಒಂದೊಂದೇ ಕಣ್ಣಿಗೆ ತೋರಿಸಿದರು.

“ಬಲಗಣ್ಣಿಗೆ ಇದು ನೂರಕ್ಕ ನೂರು ಕೆಂಪು ಅಂತ ಹಿಡೀರಿ. ಎಡಗಣ್ಣಿಗೆ ಎಷ್ಟದ?”

“ಎಡಗಣ್ಣಿಗೆ ಕೆಂಪ ಇಲ್ರಿ. ಹಳೇ ಬೆಲ್ಲದ ಬಣ್ಣ ಅದ.”

ಅವರು ತಲೆಯಾಡಿಸಿದರು. ಈ ನರ ಬಾತಾಗ ಮೊದಲು ಮಾಸುವುದು ಕೆಂಪು ಬಣ್ಣವೇ ಅಂತ ಹೇಳಿದರು. ನನ್ನ ಕಸುಬು ಏನೆಂದು ತಿಳಿದಾಗ ಅವರ ಮುಖದಲ್ಲಿ ಏನೋ ಹಾದುಹೋಯಿತು. ಅಯ್ಯೋ ಅನ್ನಲಿಲ್ಲ, ಅದಕ್ಕೇ ಅವರು ನನಗೆ ಹಿಡಿಸಿದರು. ಆಮೇಲೆ ನನ್ನ ಫಿಲ್ಮನ್ನು ನೋಡಿ, ಒಂದು ಹಾಳೆ ತೆಗೆದು ಎರಡು ಕಣ್ಣು ಬರೆದು, ಅವುಗಳ ಹಿಂದಿನಿಂದ ಎರಡು ಗೆರೆ ಎಳೆದು, ಆ ಗೆರೆಗಳು ಒಂದಕ್ಕೊಂದು ಕೂಡುವಂತೆ ಮಾಡಿದರು.

“ನೋಡ್ರಿ, ಈ ನರದ ಸುತ್ತ ಕೊಬ್ಬು ಇರ್ತದ. ಎಂ.ಆರ್.ಐ.ದಾಗ ಕೊಬ್ಬು ಬೆಳ್ಳಗ ಹೊಳೀತದ, ಆ ಹೊಳಪಿನಾಗ ನರ ಮುಚ್ಚಿಹೋಗ್ತದ. ನಿಮ್ಮ ಫೋಟೋದಾಗ ಹಂಗ ಆಗೇದ. ಕೊಬ್ಬಿನ ಹೊಳಪು ಅಡಗಿಸಿ ತಗಿಯೋ ಪದ್ಧತಿ ಒಂದದ. ಜೊತಿಗೆ ಕೈಯಾಗ ಒಂದು ಔಷಧಿ ಬಿಡ್ತಾರ. ಎಲ್ಲಿ ಉರಿಯೂತ ಅದನೋ ಅಲ್ಲಷ್ಟ ನರ ಹೊಳೀತದ.”

“ಹೊಳದ್ರ ಏನ್ ತಿಳೀತದರಿ?”

“ಎಷ್ಟು ಉದ್ದ ಹೊಳೀತು, ಎಲ್ಲಿ ಹೊಳೀತು, ಅದರ ಮ್ಯಾಲಿಂದ ಯಾವ ರೋಗ ಅಂತ ಅಂದಾಜು ಸಿಗ್ತದ. ಎಂ.ಎಸ್. ಇದ್ರ ಹೆಚ್ಚಾಗಿ ನರದ ಒಂದು ಸಣ್ಣ ತುಂಡು ಹೊಳೀತದ, ಮೆದುಳಿನಾಗ ಅದರದ ಆದ ಜಾಗಾದಾಗ ಚುಕ್ಕಿ ಇರ್ತಾವ. ಎನ್.ಎಂ.ಒ. ಅಂತ ಇನ್ನೊಂದದ, ಅದು ಹಿಂದ, ಎರಡೂ ನರ ಕೂಡೋ ಈ ಜಾಗಾಕ್ಕ ಬರ್ತದ, ಬೆನ್ನುಹುರಿಗೂ ಹೋಗ್ತದ. ಮೂರನೇದು ಮಾಗ್ ಅಂತ. ಅದು ಮುಂದಿನ ಕಡೆ, ಕಣ್ಣಿಗೆ ಹತ್ತಿದ ಕಡೆ, ಉದ್ದಕ್ಕ ಹಬ್ಬತದ. ನರದ ಮ್ಯಾಲಿನ ಹೊದಿಕಿನೂ ಹೊಳೀತದ.” ಪೆನ್ನು ಕೆಳಗಿಟ್ಟರು. “ಮೂರಕ್ಕೂ ಈಗಿನ ಡ್ರಿಪ್ ಒಂದ. ಮುಂದಿನ ಔಷಧಿ ಬ್ಯಾರೆ ಬ್ಯಾರೆ. ಎಂ.ಎಸ್.ಗೆ ಕೊಡೋ ಕೆಲವು ಔಷಧಿ ಎನ್.ಎಂ.ಒ. ಇದ್ದವ್ರಿಗೆ ಕೊಟ್ರ ರೋಗ ಇನ್ನೂ ಕೆರಳ್ತದ.”

“ಅಂದ್ರ ಆ ಇಂಜೆಕ್ಷನ್…”

“ತಿಳೀದ ಶುರು ಮಾಡೋದು ಬ್ಯಾಡ. ನಿಮ್ಮ ಮೆದುಳಿನಾಗಿನ ಚುಕ್ಕಿ ಎಂ.ಎಸ್. ಚುಕ್ಕಿ ಇದ್ದಂಗ ನನಗ ಕಾಣವಲ್ವು. ಆದ್ರ ಡ್ರಿಪ್ ತಡಾ ಮಾಡಬ್ಯಾಡ್ರಿ. ಅದು ನಾಳೆ ಆಗ್ಬೇಕು. ಡ್ರಿಪ್ ಏರಿದ ಮ್ಯಾಲೆ ಹೊಳಪು ಇಳೀತದ, ಅದಕ್ಕ ಕಣ್ಣಿನ ನರದ್ದೂ ಬೆನ್ನುಹುರಿದೂ ಎಂ.ಆರ್.ಐ. ಇವತ್ತ ಮಾಡಿಸ್ರಿ.”

ಆ ಸಂಜೆಯೇ ಎಂ.ಆರ್.ಐ. ಕೇಂದ್ರಕ್ಕೆ ಹೋದೆವು. ಮೈಮೇಲೆ ಲೋಹದ್ದೇನೂ ಇರಬಾರದು ಎಂದರು. ಬಳೆ, ಕಿವಿಯೋಲೆ ತೆಗೆದೆ. ಮೂಗುಬಟ್ಟು ಬರಲಿಲ್ಲ. ಸಣ್ಣವಳಿದ್ದಾಗ ಇಡಿಸಿದ್ದು, ತಿರುಪು ಕಚ್ಚಿಕೊಂಡಿತ್ತು. ಅಲ್ಲಿಯ ಟೆಕ್ನಿಶಿಯನ್ ಹೆಣ್ಣುಮಗಳು ಸೋಪಿನ ನೀರು ತಂದುಕೊಟ್ಟಳು. ಅವ್ವ ಅದರಲ್ಲಿ ಬೆರಳದ್ದಿ, ಉಸಿರು ಬಿಗಿಹಿಡಿದು ತಿರುವಿದಳು. ಬಂತು. ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಟೆಕ್ನಿಶಿಯನ್ ಮರಾಠಿಯಲ್ಲಿ ಹೇಳಿದ್ದಿಷ್ಟು: ಕಣ್ಣು ಮುಚ್ಚಿ, ಗುಡ್ಡೆ ಸ್ವಲ್ಪವೂ ಹೊರಳಿಸಬಾರದು, ಹೊರಳಿದರೆ ನರದ ಚಿತ್ರ ಕಲಸುತ್ತದೆ. ತಲೆಯ ಮೇಲೆ ಪಂಜರದಂಥದ್ದನ್ನು ಇಟ್ಟು ಕೊಳವೆಯೊಳಗೆ ತಳ್ಳಿದರು. ಬಡಿಯುವ ಸದ್ದು ಶುರುವಾಯಿತು, ನಿಂತಿತು, ಬೇರೆ ಥರ ಶುರುವಾಯಿತು. ಕಣ್ಣನ್ನು ಹೊರಳಿಸಬೇಡ ಎಂದರೆ ಅದು ಹೊರಳಲಿಕ್ಕೇ ನೋಡುತ್ತದೆ. ಹೊರಳಿದರೆ ನೋವು ಬೇರೆ. ನಾನು ಹಲ್ಲು ಕಚ್ಚಿದೆ. ಒಳಗೆ ಅಂಜಿಕೆಯಿರಲಿಲ್ಲ ಎಂದರೆ ಸುಳ್ಳಾದೀತು, ಆದರೆ ಅಂಜಿಕೆಗಿಂತ ಸಿಟ್ಟು ದೊಡ್ಡದಿತ್ತು. ಇವರನ್ನು ನೋಡಿಕೊಳ್ಳುವವರು ಯಾರಿದ್ದಾರೆ ಎಂದು ಆ ಡಾಕ್ಟರು ಕಾಕಾನಿಗೆ ಕೇಳಿದ ಮಾತು ಕಿವಿಯಲ್ಲಿತ್ತು. ನೋಡ್ರಿ, ಸರಿಯಾಗಿ ನೋಡ್ರಿ, ನಾ ಅಲ್ಲಾಡಂಗಿಲ್ಲ ಎಂದು ಆ ಯಂತ್ರಕ್ಕೆ ಮನಸ್ಸಿನಲ್ಲೇ ಹೇಳುತ್ತ ಮಲಗಿದೆ. ತೋಳಿನಲ್ಲಿ ತಣ್ಣಗೆ ಔಷಧಿ ಹರಿದದ್ದು ತಿಳಿಯಿತು. ಹೊರಗೆ ತೆಗೆದಾಗ ಆ ಹೆಣ್ಣುಮಗಳು, “ಚಿತ್ರ ಬಹಳ ಚೆನ್ನಾಗಿ ಬಂತು,” ಅಂದಳು.

ಮರುದಿನ ಡಾಕ್ಟರಮ್ಮನ ಆಸ್ಪತ್ರೆಯಲ್ಲೇ ಭರ್ತಿಯಾದೆ, ಡ್ರಿಪ್ ಏರಿತು. ಯೆರವಡಾದ ಡಾಕ್ಟರಮ್ಮ ತಮ್ಮ ಕಂಪ್ಯೂಟರಿನಲ್ಲಿ ಹೊಸ ಚಿತ್ರ ತೆರೆದು, ತೆರೆಯನ್ನು ನನ್ನ ಕಡೆ ತಿರುಗಿಸಿದರು. ಈ ಸಲ ಕೊಬ್ಬೆಲ್ಲ ಕಪ್ಪಾಗಿತ್ತು. ಕಪ್ಪಿನ ನಡುವೆ ಎಡಗಣ್ಣಿನ ಹಿಂದಿನಿಂದ ಹೊರಟ ನರ ದಪ್ಪಗೆ, ಉದ್ದಕ್ಕೆ, ಬೆಳ್ಳಗೆ ಹೊಳೆಯುತ್ತಿತ್ತು. ಅದರ ಎರಡೂ ಅಂಚಿಗೆ ಇನ್ನೊಂದು ತೆಳು ಹೊಳಪು. ಇದೇ ಹೊದಿಕೆ ಅಂದರು. ಎರಡು ನರ ಕೂಡುವ ಜಾಗ ಸ್ವಚ್ಛವಾಗಿತ್ತು, ಬೆನ್ನುಹುರಿಯೂ ಸ್ವಚ್ಛವಾಗಿತ್ತು. ಬಲಗಣ್ಣಿನ ನರದಲ್ಲಿ ಮಾತ್ರ ಒಂದು ಸಣ್ಣ ಹೊಳಪು ಕಂಡಿತು.

“ಅದು ನನಗ ಏನೂ ತ್ರಾಸ ಕೊಟ್ಟಿಲ್ಲರಿ,” ಅಂದೆ.

“ಇನ್ನೂ ಕೊಟ್ಟಿಲ್ಲ,” ಅಂದರು ಅವರು. ಮುಚ್ಚಿಟ್ಟು ಹೇಳಲಿಲ್ಲ. “ಇದು ಮಾಗ್ ಇದ್ದಂಗ ಅದ. ಎಂ.ಆರ್.ಐ. ದಾರಿ ತೋರಿಸ್ತದ, ಖಾತ್ರಿ ಮಾಡೋದು ರಕ್ತ.”

ರಕ್ತ ಕೊಟ್ಟೆ, ಅದರ ವರದಿ ಬರಲು ಕಾಯಬೇಕಾಯಿತು. ಬಂದಾಗ ಮಾಗ್ ಎಂದೇ ಬಂತು. ಇದು ಮತ್ತೆ ಬಂದರೂ ಬರಬಹುದು, ಬಾರದೆಯೂ ಇರಬಹುದು, ಆದರೆ ಕಣ್ಣು ತಿರುಗಿ ಬರುವ ಆಸೆ ಚೆನ್ನಾಗಿದೆ ಅಂದರು. ಆಸೆ ಎಂಬ ಮಾತನ್ನು ಡಾಕ್ಟರರ ಬಾಯಲ್ಲಿ ನಾನು ಆಗಲೇ ಮೊದಲು ಕೇಳಿದ್ದು.

ಆ ಚಿತ್ರಗಳನ್ನು ತೆಗೆದುಕೊಂಡು ಮೊದಲಿನ ಡಾಕ್ಟರರಲ್ಲಿಗೂ ಹೋದೆ. ಅವ್ವ ಬೇಡವೆಂದಳು. ಜಗಳವಾಡಲು ಹೋದದ್ದಲ್ಲ, ಅವರು ತಿಳಿದುಕೊಳ್ಳಲಿ ಎಂದು ಹೋದೆ. ಅವರು ಬಹಳ ಹೊತ್ತು ನೋಡಿದರು. “ಒಳ್ಳೆಯದಾಯಿತು ಮಾಡಿಸಿದ್ದು. ಇದು ಅಪರೂಪ,” ಅಂದರು.

“ಅಪರೂಪದ್ದು ಯಾರಿಗಾದರೂ ಬರಲೇಬೇಕಲ್ಲ ಡಾಕ್ಟರ್, ನನಗೆ ಬಂತು,” ಅಂದೆ. “ಇನ್ನೊಂದು ಮಾತು. ಮುಂದಿನ ಹೆಂಗಸು ಬಂದಾಗ ಅವಳಿಗೇ ಹೇಳಿ. ಪಕ್ಕದಲ್ಲಿ ಕೂತವರಿಗಲ್ಲ.”

ಅವರು ಸಿಟ್ಟಾಗಲಿಲ್ಲ. ಹೂಂ ಅಂದರು. ಅಷ್ಟು ಸಾಕಾಗಿತ್ತು ನನಗೆ.

ಡ್ರಿಪ್ ಮುಗಿದು ಸ್ಟೆರಾಯ್ಡ್ ಗುಳಿಗೆ ಶುರುವಾದ ಮೇಲೆ ಮುಖ ಬುರಬುರನೆ ಊದಿತು. ಎಡಗಣ್ಣಿಗೆ ಮೊದಲು ಬೆಳಕು, ಆಮೇಲೆ ಆಕಾರ, ಆಮೇಲೆ ಅಕ್ಷರ ಬಂದವು. ಬಣ್ಣ ಇನ್ನೂ ಬಂದಿರಲಿಲ್ಲ. ಆದರೂ ಅಂಗಡಿಗೆ ಹೋದೆ. ಗಾದಿಯ ಮೇಲೆ ಕಾಕಾ ಕೂತಿದ್ದರು. ಎದುರಿಗೆ ನಮ್ಮ ಹಳೆಯ ಗಿರಾಕಿ, ಮಸಾಲೆ ಕಾರ್ಖಾನೆಯವರು. ನನ್ನನ್ನು ಕಂಡು ಅವರಿಗೆ ಆಶ್ಚರ್ಯ. ಇನ್ನು ಮುಂದೆ ನೀವು ಬರುವುದಿಲ್ಲ ಎಂದು ಹೇಳಿದರಲ್ಲ, ಅಂದರು.

“ಯಾರು ಹೇಳಿದ್ರು?”

ಅವರು ಕಾಕಾನ ಕಡೆ ನೋಡಿದರು. ಕಾಕಾ ಕನ್ನಡದಲ್ಲಿ, ಗಿರಾಕಿಗೆ ತಿಳಿಯದಂತೆ, “ಒಂದ ಕಣ್ಣಿನ್ಯಾಗ ಮಾಲು ನೋಡ್ತಿಯೇನು? ಜನ ನಗ್ತಾರ. ನಿನ್ನ ಛಲೋದಕ್ಕ ಹೇಳ್ತೀನಿ,” ಅಂದರು.

ಬಿಚ್ಚಿಟ್ಟಿದ್ದ ಚೀಲಗಳ ಮುಂದೆ ಕೂತೆ. ಎಡಗಣ್ಣು ಮುಚ್ಚಿದೆ. ಅಷ್ಟು ವರ್ಷದ ಚಾಳಿ ಬಿಟ್ಟು ಬಲಗಣ್ಣಿಗೆ ಕಾಯಿ ಹಿಡಿಯುವುದು ಎಡಗೈಯಲ್ಲಿ ಬರೆದ ಹಾಗೆ ಒರಟಾಗಿತ್ತು. ನಿಧಾನ ಮಾಡಿದೆ. ಕಾಯಿ ಮುರಿದೆ, ಮೂಸಿದೆ, ಬೀಜ ನೋಡಿದೆ. ಎರಡು ಚೀಲ ಈ ವರ್ಷದ್ದು, ಮೂರನೆಯದರಲ್ಲಿ ಕೋಲ್ಡ್ ಸ್ಟೋರೇಜಿನ ಕಾಯಿ ಬೆರೆಸಿದೆ ಅಂದೆ. ಹಮಾಲ ಮೂರನೆಯದನ್ನು ನೆಲಕ್ಕೆ ಸುರಿದ. ನಡುವಿನಿಂದ ಮಂಕು ಕಾಯಿ ಉರುಳಿದವು. ಗಿರಾಕಿ ಮೊದಲಿನ ಎರಡು ಚೀಲದಂಥ ಮಾಲಿಗೆ ಆರ್ಡರ್ ಬರೆಸಿ ಹೋದರು.

ಆಮೇಲೆ ಕಾಕಾನ ಮುಂದೆ ನಿಂತೆ. “ನನಗ ಆಗದಿದ್ದ ದಿನ ನಾನ ಹೇಳ್ತೀನ್ರಿ. ನನ್ನ ಪರವಾಗಿ ನೀವು ಹೇಳಬ್ಯಾಡ್ರಿ.” ಅವರು ಗಾದಿಯಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡು ಚಹಾ ಕುಡಿಯಲು ಹೋದರು. ನಾನು ಕೂತೆ.

ರೋಗ ಅಷ್ಟಕ್ಕೇ ಬಿಡಲಿಲ್ಲ. ಗುಳಿಗೆಯ ಪ್ರಮಾಣ ಇಳಿಸುತ್ತ ಬಂದಾಗ ಒಂದು ಭಾನುವಾರ ಬಲಗಣ್ಣು ನೋಯತೊಡಗಿತು, ಅದೇ ಜಗ್ಗುವ ನೋವು. ಡಾಕ್ಟರಮ್ಮ ಊರಲ್ಲಿರಲಿಲ್ಲ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದೆ. ಡ್ಯೂಟಿಯಲ್ಲಿದ್ದ ಡಾಕ್ಟರು, ಕಣ್ಣಿನ ವಿಭಾಗ ನಾಳೆ ತೆರೆಯುತ್ತದೆ, ನಾಳೆ ಬನ್ನಿ ಅಂದರು. ನಾನು ಕುರ್ಚಿ ಎಳೆದುಕೊಂಡು ಅವರ ಮೇಜಿನ ಮುಂದೆಯೇ ಕೂತೆ. ಹಳೆಯ ಚಿತ್ರಗಳನ್ನು ಮೇಜಿನ ಮೇಲಿಟ್ಟೆ.

“ನನಗೆ ಮಾಗ್ ಇದೆ. ಒಂದು ಕಣ್ಣು ಈಗಾಗಲೇ ಹೋಗಿ ಬಂದಿದೆ. ಇದು ಇನ್ನೊಂದು. ನಾಳೆಗೆ ನಾನು ಕಾಯುವುದಿಲ್ಲ. ನಿಮ್ಮ ಮೇಲಿನವರಿಗೆ ಫೋನ್ ಮಾಡಿ, ನಾನೇ ಮಾತಾಡ್ತೀನಿ.”

ಫೋನ್ ಮಾಡಿದರು. ಅವರ ಮೇಲಿನವರು ರೋಗದ ಹೆಸರು ಕೇಳಿದ ಕೂಡಲೇ ಭರ್ತಿ ಮಾಡಿಕೊಳ್ಳಲು ಹೇಳಿದರು. ಮತ್ತೆ ಅದೇ ಪಂಜರ, ಅದೇ ಬಡಿತ. ಈ ಸಲ ಹೊಳೆದದ್ದು ಬಲಗಡೆಯ ನರ. ಆದರೆ ಡ್ರಿಪ್ ಬೇಗ ಸಿಕ್ಕಿದ್ದರಿಂದ ಆ ಕಣ್ಣಿನ ದೃಷ್ಟಿ ಕೆಳಗಿಳಿಯಲೇ ಇಲ್ಲ. ಡಾಕ್ಟರಮ್ಮ ಮರಳಿ ಬಂದ ಮೇಲೆ, ರೋಗ ತಿರುಗಿ ಬಾರದ ಹಾಗೆ ದಿನಾ ತೆಗೆದುಕೊಳ್ಳುವ ಗುಳಿಗೆ ಶುರು ಮಾಡಿದರು. ಅದು ಇನ್ನೂ ನಡೆದಿದೆ. ಬಲಗಣ್ಣು ಪೂರಾ ಸರಿಯಿದೆ. ಎಡಗಣ್ಣಿಗೆ ಕೆಂಪು ತಿರುಗಿ ಬಂದಿದೆ, ಒಮ್ಮೆ ಒಗೆದ ಬಟ್ಟೆಯಷ್ಟು. ಅದರಿಂದ ನನ್ನ ಕೆಲಸ ನಿಂತಿಲ್ಲ.

ಮನೆಯವರಿಗೆ ಮಾತ್ರ ಇದೊಂದು ಮುಚ್ಚಿಡುವ ವಿಷಯವಾಯಿತು. ಕಾಕಾನ ಮಗಳನ್ನು ನೋಡಲು ಸೊಲ್ಲಾಪುರದಿಂದ ಗಂಡಿನವರು ಬರುವವರಿದ್ದರು. ಹಿಂದಿನ ದಿನ ಕಾಕಾನ ಹೆಂಡತಿ, ಅಂದರೆ ನಮ್ಮ ಕಾಕು, ಫೋನ್ ಮಾಡಿದಳು.

“ನಾಳೆ ನೀ ಬರೋದು ಬ್ಯಾಡವಾ. ನಿನ್ನ ಮಾರಿ ಇನ್ನೂ ಊದೇದ. ಕೇಳಿದ್ರ ಏನ್ ಹೇಳೋದು? ನಮ್ಮ ಮನಿತನದಾಗ ಅಂಥಾ ರೋಗ ಅದ ಅಂದ್ರ ಹುಡುಗಿ ಗತಿ ಏನು?”

“ಇದು ಮನಿತನದ ರೋಗ ಅಲ್ಲ ಕಾಕು. ಅಂಟೋದೂ ಅಲ್ಲ. ಡಾಕ್ಟರ್ ಹೇಳ್ಯಾರ.”

“ಜನರಿಗೆ ಅದೆಲ್ಲಾ ತಿಳೀತದೇನು?”

“ಹೇಳಿದ್ರ ತಿಳೀತದ,” ಅಂದೆ, ಮರುದಿನ ಇಳಕಲ್ ಸೀರೆ ಉಟ್ಟು ಹೋದೆ. ಅವ್ವನೂ ಬಂದಳು. ಉಪ್ಪಿಟ್ಟು, ಚಹಾ ಆಯಿತು. ಗಂಡಿನ ತಾಯಿ ನನ್ನ ಮುಖವನ್ನು ಎರಡು ಸಲ ನೋಡಿ, “ನಿಮಗ ಆರಾಮ ಇಲ್ಲೇನ್ರಿ?” ಅಂದರು. ಕಾಕು ತಟ್ಟೆ ಹಿಡಿದು ನಿಂತಲ್ಲೇ ನಿಂತಳು.

ನಾನು ದನಿ ತಗ್ಗಿಸದೆ ಹೇಳಿದೆ. ಕಣ್ಣಿನ ನರ ಬಾತದ್ದು, ಒಬ್ಬರು ಒಂದು ರೋಗ ಅಂದದ್ದು, ಸರಿಯಾದ ಎಂ.ಆರ್.ಐ. ಮಾಡಿಸಿದಾಗ ಬೇರೆಯದು ಎಂದು ತಿಳಿದದ್ದು, ಈ ಊತ ಗುಳಿಗೆಯದು ಎಂಬುದು, ಎಲ್ಲ. ಆಮೇಲೆ ಆ ತಾಯಿ ಕುರ್ಚಿಯನ್ನು ನನ್ನ ಹತ್ತಿರ ಸರಿಸಿಕೊಂಡರು.

“ನಮ್ಮ ತಂಗಿಗೆ ಹೋದ ತಿಂಗಳಿಂದ ಒಂದ ಕಣ್ಣು ಮಬ್ಬಾಗೇದರಿ. ನೋವೂ ಅದ. ಟೆನ್ಶನ್ ಅಂತ ಹೇಳಿ ಕಳಿಸ್ಯಾರ. ನಿಮ್ಮ ಡಾಕ್ಟರ್ ಎಲ್ಲಿರ್ತಾರ?”

ಡಾಕ್ಟರಮ್ಮನ ವಿಳಾಸ ಅವರ ಫೋನಿಗೆ ಹಾಕಿಕೊಟ್ಟೆ. ಕಣ್ಣಿನ ನರದ್ದೇ ಚಿತ್ರ ಬೇಕು ಅಂತ ಕೇಳ್ರಿ, ಬರೀ ಮೆದುಳಿಂದು ಸಾಲಂಗಿಲ್ಲ ಎಂದು ಹೇಳಿದೆ. ಅವರು ತಂಗಿಯನ್ನು ಕರೆತಂದರು ಎಂದು ಆಮೇಲೆ ತಿಳಿಯಿತು. ಆಕೆಗೆ ಯಾವ ರೋಗ ಎಂದು ಬಂತೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ಸಂಬಂಧ ಮಾತ್ರ ಕೂಡಲಿಲ್ಲ. ಲಗ್ನವಾದ ಮೇಲೆ ಹುಡುಗಿ ನೌಕರಿ ಬಿಡಬೇಕು ಎಂದು ಗಂಡು ಅಂದ, ಕಾಕಾನ ಮಗಳು ಬಿಡುವುದಿಲ್ಲ ಅಂದಳು. ಅವಳೇ ಎಲ್ಲರ ಮುಂದೆ ಹಾಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆದರೂ ಕಾಕು ಅದನ್ನು ಇವತ್ತಿಗೂ ನನ್ನ ಮೇಲೆಯೇ ಹಾಕುತ್ತಾಳೆ. ಹಾಕಲಿ.